ನಿಂತ ಗಾಡಿ ಕುಡಿದ ಪೆಟ್ರೋಲ್

2023ರ ಏಪ್ರಿಲ್ ತಿಂಗಳು. ಪುಣೆಯ ಒಂದು ವಾಹನ ಕಾರ್ಖಾನೆಯ ಪರೀಕ್ಷಾ ವಿಭಾಗದಿಂದ ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಗಾಡಿಗೆ ಇಂಧನ ತುಂಬಿಸುವುದು, ಓಡಿಸುವುದು, ಎಷ್ಟು ಖರ್ಚಾಯಿತೆಂದು ಅಳೆಯುವುದು. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಈ ಲೆಕ್ಕಕ್ಕೆ ನಮ್ಮ ಜನ ‘ಆವರೇಜ್’ ಎನ್ನುತ್ತಾರೆ. ನಿವೃತ್ತಿಯ ನಂತರವೂ ಹಳೆಯ ಗಾಡಿ ಕೊಳ್ಳುವವರು, ಮಾರುವವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರೆಲ್ಲ ತಮ್ಮ ಗಾಡಿಯ ಆವರೇಜನ್ನು ಮಕ್ಕಳ ಪರೀಕ್ಷೆಯ ಅಂಕಗಳ ಹಾಗೆ ಒಂದಿಷ್ಟು ಉಬ್ಬಿಸಿಯೇ ಹೇಳುವುದು ರೂಢಿ. ಆದ್ದರಿಂದ, ತನ್ನ ಗಾಡಿ ತೀರಾ ಕಡಿಮೆ ಕೊಡುತ್ತದೆ ಎನ್ನುವವರೊಬ್ಬರು ಬಂದಾಗ ನನ್ನ ಕಿವಿ ಚುರುಕಾಯಿತು.

ಅವರ ಹೆಸರು ಗುರುಪಾದಪ್ಪ. ಜಮಖಂಡಿ ಕಡೆಯವರು. ಪುಣೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ ಮಾಡಿ, ಅರವತ್ತು ತುಂಬಿದ ಮೇಲೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ್ದರು. ಹದಿನೆಂಟು ವರ್ಷ ಹಳೆಯ ಒಂದು ಪೆಟ್ರೋಲ್ ವ್ಯಾನ್ ಕೊಂಡು ಅದನ್ನು ಕ್ಯಾಂಪರ್ ಮಾಡಿಸಿದ್ದರು. ಅಂದರೆ ಒಳಗೆ ಮಂಚ, ಗ್ಯಾಸ್ ಒಲೆ, ಸಣ್ಣ ಸಿಂಕ್, ಕಪಾಟು ಎಲ್ಲ ಇರುವ ಓಡಾಡುವ ಮನೆ. ಹೆಂಡತಿ ಸುಮಿತ್ರಾ ಅವರನ್ನು ಕರೆದುಕೊಂಡು ಹಿಮಾಚಲದವರೆಗೆ ನಿಧಾನವಾಗಿ ಹೋಗಿ ಬರುವುದು ಅವರ ಆಸೆ. ದಾರಿಯಲ್ಲಿ ಪಂಪ್ ಹುಡುಕುತ್ತ ಕೂರಬಾರದೆಂದು ಫ್ಯಾಬ್ರಿಕೇಶನ್ ಅಂಗಡಿಯವನೊಬ್ಬನಿಂದ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮೂವತ್ತೈದು ಲೀಟರಿನ ಎರಡನೆಯ ಟ್ಯಾಂಕನ್ನೂ ಕೂರಿಸಿದ್ದರು. ಅದಕ್ಕೆ ಪೆಟ್ರೋಲ್ ತುಂಬಿಸುವ ಬಾಯಿ ಗಾಡಿಯ ಹಿಂಬದಿಯಲ್ಲಿ, ಹೊರಗಡೆ ಇತ್ತು. ಮೂಲ ಟ್ಯಾಂಕ್ ನಲವತ್ತು ಲೀಟರಿನದು. ಬೇಕಾದಾಗ ಒಂದು ವಾಲ್ವ್ ತಿರುಗಿಸಿದರೆ ಮಂಚದ ಕೆಳಗಿನ ಪೆಟ್ರೋಲ್ ಮೂಲ ಟ್ಯಾಂಕಿಗೆ ಇಳಿಯುತ್ತಿತ್ತು.

“ಮೇಡಂ, ಮೊದಲ ಹನ್ನೊಂದರ ಮ್ಯಾಲೆ ಕೊಡತಿತ್ರಿ. ಈಗ ಎಂಟಕ್ಕ ಇಳದದ. ಎಥನಾಲ್ ಬೆರಸಿದ ಪೆಟ್ರೋಲ್ ಬಂದಮ್ಯಾಲೆ ಎಲ್ಲಾರ್ದೂ ಹಿಂಗಽ ಆಗೇದ ಅಂತಾರ,” ಎಂದರು.

ಆ ವರ್ಷ ಪುಣೆಯಲ್ಲಿ ಗಾಡಿಗೆ ನೆಗಡಿಯಾದರೂ ತಪ್ಪು ಎಥನಾಲಿನದೇ. ಅದರಿಂದ ಆವರೇಜ್ ಸ್ವಲ್ಪ ಬೀಳುವುದು ನಿಜ, ಆದರೆ ಇಷ್ಟಲ್ಲ. ಪೆಟ್ರೋಲ್ ಲೀಟರಿಗೆ ನೂರಾ ಆರು ರೂಪಾಯಿ ಇದ್ದ ಕಾಲ. ಹನ್ನೊಂದೂವರೆ ಕೊಟ್ಟರೆ ಕಿಲೋಮೀಟರಿಗೆ ಒಂಬತ್ತು ರೂಪಾಯಿ ಚಿಲ್ಲರೆ, ಎಂಟು ಕೊಟ್ಟರೆ ಹದಿಮೂರರ ಮೇಲೆ. ಅದರ ಮೇಲೆ ಟೈರು, ವಿಮೆ, ಹಳೆಯ ಗಾಡಿಗೆಂದೇ ಇರುವ ತೆರಿಗೆ. ಹಿಮಾಚಲ ಬಿಡಿ, ಇಂದೂರಿನಲ್ಲೇ ಗಂಡಹೆಂಡಿರ ಜಗಳ ಶುರುವಾಗುತ್ತದೆ ಎಂದೆ. ಅವರು ನಕ್ಕರು. ಯಾರಾದರೂ ಪೆಟ್ರೋಲ್ ಕದಿಯುತ್ತಿರಬಹುದೆಂಬ ಅನುಮಾನ ಅವರಿಗೂ ಬಂದು, ಎರಡೂ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದ್ದರು. ಆದರೂ ಆವರೇಜ್ ಏರಿರಲಿಲ್ಲ.

ನಮ್ಮ ಪರೀಕ್ಷೆ ಸರಳವಾದದ್ದು. ಟ್ಯಾಂಕನ್ನು ಗಂಟಲವರೆಗೆ ತುಂಬಿಸಿ, ಅಳತೆಯ ದೂರ ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಗಂಟಲವರೆಗೆ ತುಂಬಿಸಬೇಕು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಗಿದೆ ಎಂದರ್ಥ. ಎರಡನೆಯ ಟ್ಯಾಂಕಿನ ವಾಲ್ವ್ ಮುಚ್ಚಿ, ಮೂಲ ಟ್ಯಾಂಕಿನ ಮೇಲೆ ಎಪ್ಪತ್ತೈದು ಕಿಲೋಮೀಟರ್ ದೂರದ ದೌಂಡದವರೆಗೆ ಹೋಗಿ ಬರೋಣ ಎಂದೆ. ಆ ರಸ್ತೆಯಲ್ಲಿ ನಾನು ಎಷ್ಟು ಗಾಡಿ ಓಡಿಸಿದ್ದೇನೋ ಲೆಕ್ಕವಿಲ್ಲ. ಸುಮಿತ್ರಾ ಕೂಡ ಬಂದರು.

ಗಾಡಿಯ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಡಾಂಬರು ಗುಳಿಗೆಯ ವಾಸನೆ. ಮಂಚದ ಪೆಟ್ಟಿಗೆಯಲ್ಲಿ, ಟ್ಯಾಂಕಿನ ಮೇಲೆ ಉಳಿದ ಜಾಗದಲ್ಲಿ, ಸುಮಿತ್ರಾ ತಮ್ಮ ಅವ್ವ ಹೊಲಿದ ನಾಲ್ಕು ಕೌದಿ ಮಡಿಸಿ ಇಟ್ಟಿದ್ದರು. ಹಿಮಾಚಲದ ಚಳಿಗೆ ಬೇಕಲ್ಲ. ಹುಳ ಬೀಳಬಾರದೆಂದು ಒಂದೊಂದು ಮಡಿಕೆಗೂ ಡಾಂಬರು ಗುಳಿಗೆ. ವಾಸನೆ ಕಡಿಮೆಯಾದಾಗಲೆಲ್ಲ ಕೌದಿ ಎತ್ತದೆ ಬದಿಯ ಸಂದಿಗೆ ಮತ್ತಷ್ಟು ಹಾಕುತ್ತಿದ್ದರಂತೆ. ಗುಳಿಗೆಗಳು ಈ ಬೇಸಿಗೆಯಲ್ಲಿ ಬಹಳ ಬೇಗ ಕರಗುತ್ತಿವೆ ಎಂದು ದೂರಿದರು. ನನಗೂ ಡಾಂಬರಿನ ಆಚೆ ಬೇರೇನೂ ವಾಸನೆ ಸಿಗಲಿಲ್ಲ.

ದಾರಿಯಲ್ಲಿ ಸುಮಿತ್ರಾ ಇನ್ನೊಂದು ಮಾತು ಹೇಳಿದರು. ಪ್ರವಾಸಕ್ಕೆ ರೂಢಿಯಾಗಲೆಂದು ದಿನಾ ಮಧ್ಯಾಹ್ನ ಊಟವಾದ ಮೇಲೆ, ಪಾರ್ಕಿಂಗಿನಲ್ಲಿ ನಿಂತ ಗಾಡಿಯ ಆ ಮಂಚದ ಮೇಲೇ ಮಲಗುತ್ತಿದ್ದರು. ಎದ್ದಾಗ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಡಾಕ್ಟರು ಪಿತ್ತ ಎಂದಿದ್ದರು. ಬಿಸಿಲಿನ ದಿನ, ಮುಚ್ಚಿದ ಗಾಡಿ, ಇರಬಹುದು ಎಂದುಕೊಂಡೆ.

ದೌಂಡದ ಹತ್ತಿರ ಕಬ್ಬಿನ ಗದ್ದೆಯ ಪಕ್ಕ ಗಾಡಿ ನಿಲ್ಲಿಸಿದೆವು. ನನಗೆ ಹನ್ನೊಂದು ಗಂಟೆಗೆ ಚಹಾ ಇಲ್ಲದಿದ್ದರೆ ಸಿಟ್ಟು ಮೂಗಿನ ತುದಿಯಲ್ಲಿ. ಎದುರಿಗೆ ಹೊಸ ಒಲೆ ಥಳಥಳ ಹೊಳೆಯುತ್ತಿತ್ತು. “ಒಲಿ ಅದಲ್ರಿ, ಹಚ್ರಿ,” ಎಂದೆ. ಸುಮಿತ್ರಾ ಥರ್ಮಾಸ್ ಬಿಚ್ಚಿದರು.

“ಹಾಲು ಉಕ್ಕಸಲಾರದ ಒಲಿ ಮ್ಯಾಲೆ ನಾ ಏನೂ ಇಡೂದಿಲ್ರಿ ಅಕ್ಕಾರ. ಇದು ನಮ್ಮ ಮನಿ ಅದ.”

ಗುರುಪಾದಪ್ಪ ಹಣೆ ಬಡಿದುಕೊಂಡರು. ಒಲೆ ಕೂರಿಸಿದಂದಿನಿಂದ ಇದೇ ಜಗಳವಂತೆ. ಹೊಸ ಮನೆಗೆ ಹೊಕ್ಕಾಗ ಹಾಲು ಉಕ್ಕಿಸುವ ಹಾಗೆ ಗಾಡಿಗೂ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಬೇಕು, ಅಲ್ಲಿಯವರೆಗೆ ಒಂದು ಕಪ್ ಚಹಾ ಕೂಡ ಇಲ್ಲ. ನಾನೂ ಗಂಡನ ಪಕ್ಷ ಸೇರಿ ಆಕೆಯನ್ನು ಸಾಕಷ್ಟು ಚೇಷ್ಟೆ ಮಾಡಿದೆ. ಎಂಜಿನಿಯರ್ ಹೇಳಿದರೂ ಕೇಳುವುದಿಲ್ಲವೇ ಎಂದೆ. ಆಕೆ ನಗುತ್ತಲೇ ತಣ್ಣಗಾಗುತ್ತಿದ್ದ ಥರ್ಮಾಸಿನ ಚಹಾ ಬಗ್ಗಿಸಿಕೊಟ್ಟರು.

ವಾಪಸು ಬಂದು ತುಂಬಿಸಿದಾಗ ನೂರೈವತ್ತು ಕಿಲೋಮೀಟರಿಗೆ ಹದಿಮೂರು ಲೀಟರ್. ಹನ್ನೊಂದೂವರೆ! ಗುರುಪಾದಪ್ಪನವರಿಗೆ ಹಬ್ಬವಾಯಿತು. ಎರಡೂ ಟ್ಯಾಂಕ್ ಒಮ್ಮೆ ತುಂಬಿಸಿದರೆ ಎಂಟುನೂರೈವತ್ತು ಕಿಲೋಮೀಟರ್ ಓಡುವ ರೇಂಜ್ ಎಂದು ಅಲ್ಲಿಯೇ ಲೆಕ್ಕ ಹಾಕಿದರು. ನನಗೆ ಮಾತ್ರ ಲೆಕ್ಕ ಕೂಡಿಬರಲಿಲ್ಲ. ಬೇಳೆ ಮಾರಿದ ಮನುಷ್ಯ ಲೀಟರಿನ ಲೆಕ್ಕ ತಪ್ಪುವುದಿಲ್ಲ. ಕೊಂಡ ಪೆಟ್ರೋಲಿಗೆ ಎಂಟು, ಓಡಿದ ಪೆಟ್ರೋಲಿಗೆ ಹನ್ನೊಂದೂವರೆ. ಎರಡೂ ನಿಜವಾದರೆ ನಡುವಿನ ಪೆಟ್ರೋಲ್ ಎಲ್ಲಿ? ಗಾಡಿಯ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು, ಒಂದು ಹನಿಯ ಕಲೆ ಇಲ್ಲ.

ಕಳ್ಳತನವೇ ಇರಬೇಕು, ಬೀಗಕ್ಕೆ ಇನ್ನೊಂದು ಕೀ ಇರಬಹುದು ಅನ್ನಿಸಿತು. ಎರಡೂ ಟ್ಯಾಂಕನ್ನು ಗಂಟಲವರೆಗೆ ತುಂಬಿಸಿ, ಮುಚ್ಚಳಗಳ ಮೇಲೆ ನನ್ನ ಸಹಿಯ ಕಾಗದ ಅಂಟಿಸಿ, ನಾಲ್ಕು ದಿನ ಗಾಡಿ ಕದಲಿಸಬೇಡಿ ಎಂದೆ. ನಾಲ್ಕನೆಯ ದಿನ ಅಕ್ಷಯ ತದಿಗೆ. ಆವತ್ತು ಬೆಳಿಗ್ಗೆ ಬಂದು ನೋಡುತ್ತೇನೆ ಎಂದಾಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಯಾಕೆಂದು ನಾನು ಕೇಳಲಿಲ್ಲ.

ತದಿಗೆಯ ಬೆಳಿಗ್ಗೆ ಹೋದಾಗ ಗಾಡಿಯ ಮುಂದೆ ರಂಗೋಲಿ, ಗಾಲಿಯ ಕೆಳಗೆ ನಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಮಾಲೆ. ಅಕ್ಕಪಕ್ಕದ ಮನೆಯ ಮೂವರು ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಾಗಿಲ ಬಳಿ ನಿಂತಿದ್ದರು. ಗುರುಪಾದಪ್ಪ ಹೊಸ ಟೋಪಿ ಹಾಕಿಕೊಂಡಿದ್ದರು. ಸರಿಯಾದ ಹೊತ್ತಿಗೆ ಬಂದಿರಿ, ಹಾಲಿನ ಪ್ರಸಾದ ತೊಗೊಂಡು ಹೋಗಬೇಕು ಎಂದರು. ಮೊದಲು ಕೆಲಸ ಎಂದು ನಾನು ಗಾಡಿಯ ಹಿಂಬದಿಗೆ ನಡೆದೆ.

ಎರಡೂ ಕಾಗದ ಅಂಟಿಸಿದ ಹಾಗೆಯೇ ಇದ್ದವು. ಮೂಲ ಟ್ಯಾಂಕ್ ಗಂಟಲವರೆಗೆ ತುಂಬಿತ್ತು. ಎರಡನೆಯದರ ಮುಚ್ಚಳ ತೆಗೆದೆ. ಪೆಟ್ರೋಲ್ ಕಾಣಲಿಲ್ಲ. ಅಳತೆಯ ಕಡ್ಡಿ ಇಳಿಸಿದೆ. ಗೇಣುದ್ದ ಒಣಗಿಯೇ ಬಂತು. ಬೀಗ ಮುಟ್ಟಿದವರಿಲ್ಲ, ಗಾಡಿ ಕದಲಿಲ್ಲ, ನೆಲದ ಮೇಲೆ ಹನಿಯಿಲ್ಲ. ಹಾಗಾದರೆ ಅದು ಗಾಡಿಯಿಂದ ಹೊರಗೆ ಹೋಗಿಯೇ ಇಲ್ಲ. ಒಳಗೇ ಇದೆ.

ತಲೆಸಿಡಿತ, ಕರಗುವ ಗುಳಿಗೆ, ಎಲ್ಲ ಒಟ್ಟಿಗೆ ನೆನಪಾಯಿತು. ಬಾಗಿಲಿಗೆ ಓಡಿದೆ. ಸುಮಿತ್ರಾ ಒಳಗೆ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೇಲೆ ಹಿತ್ತಾಳೆಯ ಪಾತ್ರೆಯಲ್ಲಿ ಹಾಲು, ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ. ಆಕೆಯ ಪಾದದ ಪಕ್ಕದಲ್ಲೇ ಆ ಮಂಚದ ಪೆಟ್ಟಿಗೆ. ನನಗೆ ಕೂಗಲು ಭಯವಾಯಿತು. ಕೂಗಿದರೆ ಬೆಚ್ಚಿ ಗೀರಿಬಿಟ್ಟರೆ?

“ಸುಮಿತ್ರಾ, ಕಡ್ಡಿ ಗೀರಬ್ಯಾಡ. ಹಂಗಽ ಕೆಳಗ ಇಳದು ನನ್ನ ಕಡೆ ಬಾ.”

ಅಲ್ಲಿಯವರೆಗೆ ನಾನು ಆಕೆಯನ್ನು ಬಹುವಚನದಲ್ಲೇ ಮಾತಾಡಿಸಿದ್ದೆ. ಅದಕ್ಕೇ ಇರಬೇಕು, ಆಕೆ ನನ್ನ ಮುಖ ನೋಡಿ ಒಂದೂ ಪ್ರಶ್ನೆ ಕೇಳದೆ ಇಳಿದು ಬಂದರು. ಶುಭ ಹೊತ್ತಿನಲ್ಲಿ ಅಡ್ಡ ಬಾಯಿ ಹಾಕಿದೆನೆಂದು ಗುರುಪಾದಪ್ಪ ಸಿಟ್ಟಾದರು. ನಾನು ಲೆಕ್ಕಿಸಲಿಲ್ಲ. ಎಲ್ಲರನ್ನೂ ಕಾಂಪೌಂಡಿನ ಆಚೆ ಕಳಿಸಿ, ಗಾಡಿಯ ದೀಪ, ಫ್ಯಾನ್ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದೆ. ಸ್ವಿಚ್ಚಿನ ಕಿಡಿಯೂ ಕಿಡಿಯೇ. ಗಾಡಿಯನ್ನು ಕೈಯಿಂದ ತಳ್ಳಿ ಬಯಲಿಗೆ ತಂದು, ಬಾಗಿಲು ಕಿಟಕಿ ತೆರೆದಿಟ್ಟು, ಬಿಸಿಲಾರುವವರೆಗೆ ಕಾದೆವು. ಆಮೇಲೆ ನಾನೂ ಗುರುಪಾದಪ್ಪನವರೂ ಮಂಚದ ಹಲಗೆ ಎತ್ತಿದೆವು.

ಮೇಲಿನ ಕೌದಿ ಒಣಗಿತ್ತು. ಕೆಳಗಿನ ಮೂರೂ ಹಿಂಡಿದರೆ ಇಳಿಯುವಷ್ಟು ತೊಯ್ದಿದ್ದವು. ಗುಳಿಗೆಗಳು ಮಾಯವಾಗಿದ್ದವು, ಪೆಟ್ರೋಲಿನಲ್ಲಿ ಕರಗಿಹೋಗಿ. ಬಿಸಿಲಿಗೆ ಗಾಡಿ ಕಾಯಬಾರದೆಂದು ಪೆಟ್ಟಿಗೆಯ ಸುತ್ತ ಮತ್ತು ನೆಲದ ಪ್ಲೈವುಡ್ಡಿನ ಕೆಳಗೆ ಥರ್ಮಾಕೋಲ್ ಹಾಕಿಸಿದ್ದರು. ಅದೂ ಇರಲಿಲ್ಲ. ಪೆಟ್ರೋಲ್ ಅದನ್ನು ತಿಂದು, ಹಲಸಿನ ಅಂಟಿನಂಥದೊಂದು ಬಿಳಿ ಲೋಳೆಯನ್ನು ಉಳಿಸಿತ್ತು. ಅಂಥ ಅಂಟಿಗೆ ಬೆಂಕಿ ತಗುಲಿದರೆ ಅದು ಮೈಗೆ ಅಂಟಿಕೊಂಡೇ ಉರಿಯುತ್ತದೆ. ಹೊರಗಿನ ಮುಚ್ಚಳದಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪ್ ಮೆತ್ತಗಾಗಿ, ಕ್ಲಿಪ್ಪಿನ ಬಳಿ ಸೀಳಿತ್ತು. ಅದು ನೀರಿನ ಪೈಪ್. ಪೆಟ್ರೋಲಿಗೆ ತಡೆಯುವಂಥದ್ದಲ್ಲ, ಎಥನಾಲ್ ಬೆರೆತ ಪೆಟ್ರೋಲಿಗಂತೂ ಅಲ್ಲವೇ ಅಲ್ಲ. ಸೋರಿದ್ದೆಲ್ಲವನ್ನೂ ಕೌದಿ, ಪ್ಲೈವುಡ್ ಹೀರಿಕೊಂಡು ಒಳಗೇ ಆವಿಯಾಗಿ ಬಿಡುತ್ತಿದ್ದವು. ಆ ಆವಿ ಗಾಳಿಗಿಂತ ಭಾರ, ಮೇಲೇರದೆ ಕಾಲ ಬಳಿ ನಿಂತಿರುತ್ತದೆ. ಅದರ ಮೇಲೆ ಆಕೆ ದಿನಾ ಮಲಗುತ್ತಿದ್ದರು.

ಗುರುಪಾದಪ್ಪ ಹಿಡಿದಿದ್ದ ಹಲಗೆಯನ್ನು ಕೆಳಗಿಟ್ಟರು.

“ಒಂದ್ ಕಪ್ ಚಹಾದ ಸಲುವಾಗಿ ಎಂಟು ತಿಂಗಳಿಂದ ಈಕಿ ಜೋಡಿ ಜಗಳ ಮಾಡೇನ್ರಿ ಮೇಡಂ,” ಎಂದರು. “ಒಂದ್ ದಿನಾನರ ಗೆದ್ದಿದ್ರ?”

ದೌಂಡದ ಕಬ್ಬಿನ ಗದ್ದೆ ನನ್ನ ಕಣ್ಣ ಮುಂದಿತ್ತು. ಆವತ್ತು ಅವರ ಜೊತೆ ನಾನೂ ಒಳಗೇ ಕುಳಿತಿದ್ದೆ, ಒಲೆ ಹಚ್ಚಿ ಎಂದವಳೂ ನಾನೇ. ಆ ಒಂದು ಶಾಸ್ತ್ರ ಎಂಟು ತಿಂಗಳು ಅವರನ್ನು ಕಾಯ್ದಿತ್ತು. ತದಿಗೆಯ ದಿನ ಅದೇ ಶಾಸ್ತ್ರ ಕಡ್ಡಿ ಹಿಡಿದು ನಿಂತಿತ್ತು.

ಎರಡನೆಯ ಟ್ಯಾಂಕ್ ಗುಜರಿಗೆ ಹೋಯಿತು. ಪ್ಲೈವುಡ್, ನೆಲ ಎಲ್ಲ ಕಿತ್ತು ಹೊಸದು ಹಾಕಿದರು. ರೇಂಜ್ ನಾನೂರಾ ಅರವತ್ತಕ್ಕೆ ಇಳಿಯಿತು, ಆವರೇಜ್ ಮತ್ತೆ ಹನ್ನೊಂದೂವರೆಗೆ ನಿಂತಿತು. ಕೌದಿಗಳನ್ನು ಎಷ್ಟು ಒಗೆದು ಬಿಸಿಲಿಗೆ ಹಾಕಿದರೂ ವಾಸನೆ ಹೋಗಲಿಲ್ಲ. ಅವ್ವನ ಕೈಯ ಹೊಲಿಗೆ ಎಂದು ಸುಮಿತ್ರಾ ಅತ್ತರು, ಆದರೂ ಎಸೆಯಲು ಒಪ್ಪಿದರು.

ಜನ ಈಗಲೂ ಗಾಡಿ ಎಷ್ಟು ಕೊಡುತ್ತದೆ ಎಂದೇ ನನ್ನನ್ನು ಕೇಳುತ್ತಾರೆ. ಲೆಕ್ಕಕ್ಕೆ ಸಿಗದ ಪೆಟ್ರೋಲ್ ಎಲ್ಲಿದೆ ಎಂಬುದನ್ನು ಮೊದಲು ಹುಡುಕಿ ಎನ್ನುತ್ತೇನೆ. ನಷ್ಟವಾಯಿತೆಂದು ಬರೆದುಬಿಟ್ಟರೆ ಅದು ಇಲ್ಲವಾಗುವುದಿಲ್ಲ. ಎಲ್ಲೋ ಒಂದು ಕಡೆ ಕೂತು ಕಾಯುತ್ತಿರುತ್ತದೆ.

ಮೇ ತಿಂಗಳಲ್ಲಿ ಮತ್ತೊಂದು ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದರು. ನಾನು ಮೂಲೆಮೂಲೆಯಲ್ಲೂ ಮೂಸಿ ನೋಡಿ ಹೂಂ ಅಂದ ಮೇಲೆಯೇ ಸುಮಿತ್ರಾ ಪೊಟ್ಟಣ ತೆಗೆದರು. ಕಡ್ಡಿ ಗೀರುವ ಮೊದಲು ಕೈ ತಡೆದು, ಗಂಡನನ್ನೂ ನನ್ನನ್ನೂ ಗಾಡಿಯಿಂದ ಕೆಳಗಿಳಿಯಿರಿ ಎಂದರು. ನಾವಿಬ್ಬರೂ ಇಳಿಯಲಿಲ್ಲ.