ಮುಡಿಪಿನಲ್ಲಿ ಕಟ್ಟಿಟ್ಟ ಫಿಲಂ

ದಿನಕ್ಕೆ ಎಷ್ಟು ನಿಮಿಷ ಕೂರಬಲ್ಲೆ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಜನವರಿ 9: ನಲವತ್ತು. ಮಾರ್ಚ್ 2: ಹನ್ನೆರಡು. ಜೂನ್ 18: ನಾಲ್ಕು. ಆಳಂದದ ಹೊಲಿಗೆ ಅಂಗಡಿಯಲ್ಲಿ ಮಷೀನಿನ ಮುಂದೆ ಕೂತರೆ ಬೆನ್ನಿನ ಬುಡದಿಂದ ಕಾಲಿನವರೆಗೆ ಬೆಂಕಿ ಹರಿದಂತಾಗುತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದೆ.

ಸ್ಕ್ಯಾನ್ ಆಯಿತು. ಬೆನ್ನಿನ ನರಗಳ ಬುಡದಲ್ಲಿ ನೀರು ತುಂಬಿದ ಗುಳ್ಳೆಗಳಿವೆ, ಬಹಳ ಜನರಿಗೆ ಇರುತ್ತವೆ ಎಂದು ರಿಪೋರ್ಟಿನಲ್ಲಿತ್ತು. ಅವ್ವ ಫಿಲಂ ಅನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಗಾಣಗಾಪುರದ ದತ್ತಪ್ಪನಿಗೆ ಮುಡಿಪು ಕಟ್ಟಿದಳು. ಐದು ಗುರುವಾರ ನಾನು ಅಲ್ಲಿ ಐದು ಮನೆ ಮಧುಕರಿ ಭಿಕ್ಷೆ ಬೇಡಬೇಕು, ಅಲ್ಲಿಯವರೆಗೆ ಗಂಟು ಬಿಚ್ಚಬಾರದು ಎಂದು ಹರಕೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ವೈದ್ಯರು ಫಿಲಂ ಕೇಳಿದರು. “ಮನೆಯಲ್ಲಿದೆ” ಎಂದೆ. ರಿಪೋರ್ಟ್ ಓದಿ ನೋವಿನ ಮಾತ್ರೆ ಕೊಟ್ಟರು. ಜೇವರ್ಗಿಯವರಂತೂ, “ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತದ” ಎಂದರು.

ಜುಲೈಯಲ್ಲಿ ಎರಡೇ ನಿಮಿಷ. ಅಂಗಡಿಯವರು ಮಷೀನನ್ನು ಬೇರೆಯವಳಿಗೆ ಕೊಟ್ಟರು. ಮಲಗಿಕೊಂಡೇ ಊಟ. ಒಂದು ವಾರ ಡೈರಿ ತೆರೆಯಲಿಲ್ಲ. “ದತ್ತಪ್ಪಾ, ಕೇಳಸ್ತದೋ ಇಲ್ಲೋ?” ಎಂದು ಗೋಡೆಗೆ ಮುಖ ಮಾಡಿ ಅತ್ತೆ.

ಮೂರನೆಯ ಗುರುವಾರ ಗಾಣಗಾಪುರದಲ್ಲಿ ಅವ್ವನ ಜೊತೆ ನಾಲ್ಕು ಮನೆ ಆಯಿತು. ಐದನೆಯದಕ್ಕೆ ಬೀಗ. ಪಕ್ಕದ ಮನೆಯ ಅಜ್ಜಿ ರೊಟ್ಟಿ ತಂದಳು.

“ಕುಂದರ ಬೇ, ಬಿಸಿಲಾಗ ಯಾಕ ನಿಂತೀದಿ?”

“ಕುಂದ್ರಾಕ ಆಗಂಗಿಲ್ರಿ, ಅಜ್ಜಿ. ಬೆನ್ನಿನ ನರದಾಗ ನೀರಿನ ಗುಳ್ಳಿ ಅದಾವು.”

“ನಮ್ಮ ಸೊಸಿಗೂ ಹಿಂಗ ಇತ್ತು. ಸೊಲ್ಲಾಪುರದ ಡಾಕ್ಟರ್ ಫಿಲಂ ನೋಡಿ ಹಿಡದ್ರು. ನಿಂದು ಯಾರು ನೋಡ್ಯಾರ?”

ಅವ್ವ ಮುಡಿಪು ಇದ್ದ ಚೀಲ ಎದೆಗೊತ್ತಿಕೊಂಡಳು. “ಮುಡಿಪಿನಾಗ ಐತ್ರಿ.”

“ಅಯ್ಯ ನಮ್ಮವ್ವ! ಗಂಟು ಕಟ್ಟಿಟ್ರ ದತ್ತಪ್ಪ ಏನು ನೋಡಬೇಕ? ಬಿಚ್ಚ ಅದನ್ನ!”

ಅವ್ವ ಚೀಲದಿಂದ ಮುಡಿಪು ತೆಗೆದಳು. “ತಪ್ಪಾತು ತಂದೆ, ಸಿಟ್ಟು ನನ್ನ ಮ್ಯಾಲ ಇರಲಿ, ಹುಡುಗಿ ಮ್ಯಾಲ ಬ್ಯಾಡ” ಎನ್ನುತ್ತ ಅಲ್ಲೇ ಗಂಟು ಬಿಚ್ಚಿದಳು.

ಸೊಲ್ಲಾಪುರದ ವೈದ್ಯರು ಫಿಲಂ ಅನ್ನು ಬೆಳಕಿಗೆ ಹಿಡಿದರು. ದೊಡ್ಡ ಗುಳ್ಳೆಯೊಂದು ನರವನ್ನು ಒತ್ತುತ್ತಿತ್ತು. ಆಗಸ್ಟ್ 21ರಂದು ಸೂಜಿ ಹಾಕಿ ನೀರು ತೆಗೆದರು. ಮತ್ತೆ ತುಂಬಬಹುದು, ಬರುತ್ತಿರಬೇಕು ಎಂದಿದ್ದಾರೆ.

ಉಳಿದ ಎರಡು ಗುರುವಾರ ತೀರಿಸಿದೆವು. ಕೊನೆಯ ದಿನ ಅಫಜಲಪುರದಿಂದ ಬಸ್ಸಿನಲ್ಲಿ ಕೂತೇ ಹೋದೆ. ಅವ್ವ ಖಾಲಿ ಹಳದಿ ಬಟ್ಟೆಯನ್ನು ಪಾದುಕೆಯ ಮುಂದೆ ಇಟ್ಟಳು. ಆಮೇಲೆ ಅಜ್ಜಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದೆ.

ಭಕ್ತರೇ, ಅಂದು ಆ ಮನೆಗೆ ಬೀಗ ಹಾಕಿಸಿದ್ದು ಯಾರೆಂದು ನನಗೆ ಅನುಮಾನವಿಲ್ಲ. ಕಟ್ಟೆಯ ಮೇಲೆ ಎಷ್ಟು ನಿಮಿಷ ಕೂತಿದ್ದೆನೋ ಡೈರಿಯಲ್ಲಿಲ್ಲ. ಗಡಿಯಾರ ನೋಡುವುದನ್ನೇ ಮರೆತಿದ್ದೆ.