'ಹೋಗು' ಎನ್ನುತ್ತಿದ್ದ ಅಕ್ಕೋರು

ಅಕ್ಕೋರ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಅವರು ಬಾಗಿಲು ತೋರಿಸಿದರೆ ಬೆರಳು ಕಿಟಕಿಯತ್ತ ಹೊರಳಿರುತ್ತಿತ್ತು. ಆದರೂ ಹೇಳಿದ್ದೇನೆಂದು ಯಾರಿಗೂ ಅನುಮಾನ ಬರುತ್ತಿರಲಿಲ್ಲ: ಹೋಗು.

ರಾಣೆಬೆನ್ನೂರಿನ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ರವಿವಾರದ ಪಾಠ ಹೇಳುತ್ತಿದ್ದವರು ಅವರು. ಯೇಸು ಯಾರಿಗೆಲ್ಲ 'ಹೋಗು' ಎಂದಿದ್ದಾನೋ, ಅಕ್ಕೋರ ಸತ್ಯವೇದದಲ್ಲಿ ಅಲ್ಲೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆ. ವಾಸಿಯಾದ ಕುಷ್ಠರೋಗಿಗೆ, ನೆರೆಯವನು ಯಾರೆಂದು ವಾದಕ್ಕೆ ನಿಂತ ಪಂಡಿತನಿಗೆ, ಜನ ಕಲ್ಲು ಹೊಡೆಯಲು ತಂದಿದ್ದ ಹೆಂಗಸಿಗೆ. "ಕ್ಷಮಿಸು ಅನ್ನೂದು ಎಲ್ಲಾರಿಗೂ ಬಾಯಿಪಾಠ ಐತಿ. ಹೋಗು ಅಂದದ್ದು ಮಾತ್ರ ಯಾರ ಕಿವಿಗೂ ಬೀಳೂದಿಲ್ಲ," ಎನ್ನುವರು. ಚಿಕ್ಕಂದಿನಿಂದ ಇದೊಂದೇ ಪಾಠ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ದೊಡ್ಡವನಾದ ಮೇಲೆ ಒಮ್ಮೆ ತಡೆಯಲಾರದೆ, "ಕರ್ತ ಬಾ ಅಂತನೂ ಕರದಾನಲ್ರಿ, ಅಕ್ಕೋರ," ಎಂದೆ.

"ಬಂದೀಯಲ್ಲ? ಬಂದು ಕುಂತೀದಿ. ಇನ್ನ ಹೋಗು."

ಎಲ್ಲಿಗೆಂದು ನನಗೆ ಗೊತ್ತಿತ್ತು. ಬ್ಯಾಡಗಿಯಲ್ಲಿದ್ದ ಅಣ್ಣನ ಮನೆಗೆ. ಅವ್ವ ತೀರಿಕೊಂಡ ದಿನ ನಾನು ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಾಲ್ಕಕ್ಕೆ ಮಣ್ಣು ಮಾಡಿದರು. ನಾನು ತಲುಪಿದ್ದು ಐದಕ್ಕೆ. ಒಂದು ತಾಸು ಕಾಯಲಿಲ್ಲ ಅಣ್ಣ. ಆರು ವರ್ಷ ನಾನು ಅವನ ಹೊಸ್ತಿಲು ತುಳಿಯಲಿಲ್ಲ.

ಸುಗ್ಗಿಯ ಆರಾಧನೆಗೆ ಮೊದಲ ಬೆಳೆ ತಂದು ವೇದಿಯ ಮುಂದೆ ಇಡುವುದು ನಮ್ಮಲ್ಲಿ ರೂಢಿ. ಹಲಗೇರಿಯ ನಮ್ಮ ಹೊಲದ ಬದನೆಕಾಯಿ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅಕ್ಕೋರು ಎಲ್ಲರೆದುರು ಬುಟ್ಟಿ ಕಸಿದುಕೊಂಡರು.

"ಕಾಣಿಕಿ ಇಲ್ಲೇ ಬಿಟ್ಟು, ಮದ್ಲ ಹೋಗಿ ಅಣ್ಣನ ಕೂಡ ಒಂದಾಗು ಅಂತ ಬರದೈತಿ. ನಿನ್ನ ಬದನಿಕಾಯಿ ನಾ ಕಾಯ್ತೇನಿ. ಹೋಗು."

"ಆರಾಧನಿ ಮುಗೀಲಿ, ತಡೀರಿ."

"ಮುಗದ ಮ್ಯಾಲ ಅಂತ ಬರದಿಲ್ಲ."

ಜನ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮುದುಕಿಯ ಬಾಯಿ ಮುಚ್ಚಿಸಲೆಂದೇ ಬ್ಯಾಡಗಿ ಬಸ್ಸು ಹತ್ತಿದೆ.

ಅಣ್ಣನ ಮನೆಯ ಬಾಗಿಲಲ್ಲೇ ಅರ್ಧ ತಾಸು ಜಗಳವಾಡಿದೆವು. ಕೊನೆಗೆ ಅವನು ದನಿ ಇಳಿಸಿ, "ಮಳಿ ಹಿಡದಿತ್ತೋ ತಮ್ಮಾ. ಅವ್ವನ ಕುಣಿಯಾಗ ನೀರು ತುಂಬಾಕತ್ತಿತ್ತು," ಎಂದ. ಇಷ್ಟು ಮಾತು ಕೇಳಲು ನಾನು ಆರು ವರ್ಷ ಹೋಗಿರಲಿಲ್ಲ.

ಸಂಜೆ ಮರಳಿದಾಗ ಚರ್ಚು ಖಾಲಿ. ಅಕ್ಕೋರೊಬ್ಬರೇ ಬುಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಏನಾಯಿತೆಂದು ಕೇಳಲಿಲ್ಲ. "ಈಗ ಇಡು," ಎಂದರು.

ಹೋದ ವರ್ಷ ಅವರು ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ನೋಡಲು ಬಂದ ಅಣ್ಣ ವಾರ್ಡು ಸಿಗದೆ ಕೆಳಗಿನಿಂದ ಫೋನು ಮಾಡಿದ. ನಾನು ಮಂಚದ ಪಕ್ಕ ಕೂತೇ ದಾರಿ ಹೇಳುತ್ತಿದ್ದೆ. "ಫೋನಿನಾಗ ಏನ್ ಹೇಳ್ತೀ? ಹೋಗು, ಕರ್ಕೊಂಡ್ ಬಾ," ಎಂದು ಆ ಸ್ಥಿತಿಯಲ್ಲೂ ಗದರಿದರು. ಗೊಣಗುತ್ತ ಹೋದೆ. ಇಬ್ಬರೂ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನರ್ಸು ಅವರ ಮುಖ ಮುಚ್ಚುತ್ತಿದ್ದಳು.

ಅಣ್ಣ ನನ್ನ ಹೆಗಲು ಹಿಡಿದು ಗಳಗಳ ಅತ್ತ. ನನಗೆ ಬಂದದ್ದು ಸಿಟ್ಟು. ಹೋಗು ಎಂದು ಕಳಿಸಿದವರು, ನಾವು ಬರುವ ತನಕ ಇರಬೇಡವೇ?