ಅಕ್ಕನ ಜೊತೆ ಕಲಿಯಲು ಹೋದ ಊರುಗಳು

ನಾನು ಕೈಗೂಸಾಗಿದ್ದಾಗ ಅಕ್ಕನನ್ನು ಶಾಲೆ ಬಿಡಿಸಿದರು. ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋಗುವವರು, ಮನೆಯಲ್ಲಿ ನನ್ನನ್ನು ಎತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮೂರನೇ ತರಗತಿಗೆ ನಿಂತ ಅವಳ ಓದು ಮತ್ತೆ ಮುಂದುವರಿಯಲಿಲ್ಲ. ಅವಳು ಎತ್ತಿ ಆಡಿಸಿದ ನಾನು ಡಿಗ್ರಿ ಮುಗಿಸಿ, ಮಧುಗಿರಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅಕ್ಕ ಈ ಮಾತನ್ನು ಒಂದು ದಿನವೂ ಎತ್ತಿದವಳಲ್ಲ. ಹಾಗೆ ಎತ್ತದೇ ಇದ್ದದ್ದರಿಂದಲೇ ಅದು ನನ್ನೊಳಗೆ ಉಳಿದುಬಿಟ್ಟಿದೆಯೋ ಏನೋ.

ನಿವೃತ್ತಿಯಾದ ಮೇಲೆ ನಾನು ಒಂದು ಗುಂಪು ಸೇರಿಕೊಂಡೆ. ಕೊರಟಗೆರೆಯ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ನಮ್ಮಂಥ ವಯಸ್ಸಾದವರನ್ನು ಕಲೆಹಾಕಿ, ತಿಂಗಳಿಗೊಮ್ಮೆ ವ್ಯಾನು ಮಾಡಿಸಿ ಹತ್ತಿರದ ಯಾವುದಾದರೂ ಜಾಗಕ್ಕೆ ಕರೆದೊಯ್ಯುತ್ತಿದ್ದರು. ಪ್ರವಾಸ ಅಂದರೆ ಪೂಜೆ ಮಾಡಿಸಿಕೊಂಡು ಊಟ ಮಾಡಿ ಬರುವುದಲ್ಲ. ಅಲ್ಲಿ ವಿಷಯ ತಿಳಿದವರೊಬ್ಬರು ಮಾತಾಡಬೇಕು, ನಾವು ಕೇಳಿ ಕಲಿಯಬೇಕು. ಒಮ್ಮೆ ಒಂದು ಸೀಟು ಖಾಲಿ ಉಳಿಯಿತು. ಮದುವೆಯಾಗಿ ಮಿಡಿಗೇಶಿಯಲ್ಲಿದ್ದ ಅಕ್ಕನಿಗೆ ಫೋನು ಮಾಡಿ ಕರೆದೆ.

"ನಾನೇನ್ ಮಾಡ್ಲಿ ಕಣ್ಲಾ ಅಲ್ಲಿ, ಓದಿರೋರ್ ಮಧ್ಯ?" ಅಂದಳು. ಮರುದಿನ ಬೆಳಿಗ್ಗೆ ನೋಡಿದರೆ ನಮಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟಿದ್ದಳು.

ಆವತ್ತು ಹೋದದ್ದು ಪಾವಗಡದ ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಪಾರ್ಕಿಗೆ. ಕಣ್ಣು ಹಾಯುವಷ್ಟು ದೂರ ನೀಲಿ ಹಲಗೆಗಳು. ಎಂಜಿನಿಯರು ವಿವರಿಸಿ ಮುಗಿಸಿದರು. ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಲ್ಲಪ್ಪಾ, ಬಿಸ್ಲೆಲ್ಲಾ ಹಲ್ಗೇನೇ ಕುಡುದ್ಬುಟ್ರೆ ಕೆಳಗಿನ್ ನೆಲ ಹೆಂಗಿರ್ತದೆ? ಅಲ್ಲಿ ಹುಲ್ಲು ಹುಟ್ತದಾ?"

ಎಂಜಿನಿಯರ ಮುಖ ಅರಳಿತು. "ಮಂಚಿ ಪ್ರಶ್ನೆ ಅಮ್ಮಾ, ರಂಡಿ" ಎಂದು ತೆಲುಗಿನಲ್ಲೇ ಮೆಚ್ಚಿ, ಬನ್ನಿ ಎಂದು ಅವಳನ್ನು ಹಲಗೆಯ ಕೆಳಗೆ ಕರೆದೊಯ್ದು, ನೆರಳಿನ ಮಣ್ಣನ್ನೂ ಬಿಸಿಲಿನ ಮಣ್ಣನ್ನೂ ಮುಟ್ಟಿಸಿದರು. ಹುಲ್ಲು ಹುಟ್ಟುತ್ತದೆ, ಅದನ್ನು ಕತ್ತರಿಸುವುದೇ ದೊಡ್ಡ ಕೆಲಸ ಎಂದರು. ವಾಪಸು ಬರುವ ದಾರಿಯುದ್ದಕ್ಕೂ ಅಕ್ಕ ಅದನ್ನೇ ಮಾತಾಡಿದಳು. ಆ ವಯಸ್ಸಿನಲ್ಲಿ ಅವಳ ಮುಖ ಅಷ್ಟು ಹೊಳೆದದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ಮುಂದೆ ಅವಳಿಲ್ಲದೆ ವ್ಯಾನು ಹೊರಡುತ್ತಿರಲಿಲ್ಲ. ಆದರೆ ಒಂದು ವರ್ಷ ತುಂಬುವುದರೊಳಗೆ ಅವಳ ಕಿವಿ ಮಂದವಾಗತೊಡಗಿತು. ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಮಾತಾಡುವವರ ಮುಂದೆಯೇ ಕೂತು ತಲೆಯಾಡಿಸುತ್ತಿದ್ದಳು, ಪ್ರಶ್ನೆ ಕೇಳುವುದು ಮಾತ್ರ ಕಡಿಮೆಯಾಯಿತು. ತುಮಕೂರಿಗೆ ಕರೆದೊಯ್ದು ಕಿವಿಗೆ ಮಿಷನ್ ಹಾಕಿಸಿದೆವು. ಮನೆಯೊಳಗೆ ಅದು ಪರವಾಗಿಲ್ಲ, ಬಯಲಿಗೆ ಬಂದರೆ ಆಗುತ್ತಿರಲಿಲ್ಲ. "ಗಾಳಿ ಬೀಸಿದ್ರೆ ಹೊಟ್ಟು ತೂರ್ದಂಗೆ ಸದ್ದು ಕಣ್ಲಾ, ಮಾತೇ ಕೇಳಾಕಿಲ್ಲ" ಅನ್ನುತ್ತಿದ್ದಳು. ನಮ್ಮ ಪಾಠಗಳೆಲ್ಲ ಬಯಲಿನಲ್ಲೇ.

ಒಂದು ತಿಂಗಳು ಮೇಷ್ಟ್ರು ಮಿಡಿಗೇಶಿಯ ಕೋಟೆಗೇ ಹೋಗೋಣ ಎಂದರು. "ಈ ಸಲ ಅಮ್ಮನೋರೇ ನಮಗೆ ಪಾಠ ಹೇಳಲಿ." ಅಕ್ಕನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿದರು. ಮುದ್ದೆ, ಹುರುಳಿಕಾಳಿನ ಸಾರಿನ ಊಟವಾದ ಮೇಲೆ ಅವಳು ಮಾತಾಡಿದಳು. ಹೊಸದಾಗಿ ಮದುವೆಯಾಗಿ ಬಂದಾಗ ಬೆಟ್ಟಕ್ಕೆ ಆಡು ಹೊಡೆದುಕೊಂಡು ಹೋದದ್ದು, ನೀರಿಲ್ಲದ ಬೇಸಿಗೆಯಲ್ಲಿ ಊರಿನ ಹೆಂಗಸರು ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆಯಿಂದ ಕೊಡ ಹೊತ್ತು ಇಳಿಯುತ್ತಿದ್ದದ್ದು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ನನಗೆ ಹೆಮ್ಮೆಯಾಯಿತು.

ಆಗ ನಮ್ಮ ಗುಂಪಿನ ನಿವೃತ್ತ ಟೀಚರೊಬ್ಬರು, "ಆ ದೊಣೆ ನೀರಿಗೆ ಎಲ್ಲ ಜಾತಿಯೋರನ್ನೂ ಬಿಡ್ತಿದ್ರಾ ಅಮ್ಮಾ?" ಎಂದು ಕೇಳಿದರು.

ಅಕ್ಕ ನಕ್ಕು, "ಇನ್ನೊಂದ್ ಲೋಟ ಮಜ್ಜಿಗೆ ಕೊಡ್ಲಾ ಕಣಮ್ಮ?" ಅಂದಳು.

ಹಿಂದೆ ಕೂತಿದ್ದವರು ಗೊಳ್ಳೆಂದರು. ಬೇಡದ ಪ್ರಶ್ನೆಯನ್ನು ಜಾಣತನದಿಂದ ದಾಟಿಸಿದಳು ಎಂದುಕೊಂಡರು. ಪ್ರಶ್ನೆ ಕೇಳಿದ ಟೀಚರ ಮುಖ ಮಾತ್ರ ಸಪ್ಪಗಾಯಿತು. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ಪಕ್ಕಕ್ಕೆ ಹೋಗಿ ಕಿವಿಯಲ್ಲಿ ಪ್ರಶ್ನೆಯನ್ನು ಜೋರಾಗಿ ಹೇಳಿದೆ. ಅವಳು ಲೋಟ ಕೆಳಗಿಟ್ಟಳು. ನನ್ನ ಕಡೆ ತಿರುಗಿ, "ಬುಡ್ತಿರ್ಲಿಲ್ಲ ಕಣ್ಲಾ. ನಾವು ತುಂಬ್ಕೊಂಡ್ ಹೋಗೋಗಂಟ ಅವ್ರು ಬಿಸ್ಲಾಗೆ ನಿಂತಿರ್ಬೇಕಿತ್ತು. ನಾನೂ ನೋಡ್ಕಂಡೇ ಬತ್ತಿದ್ದೆ" ಅಂದಳು.

ಅಷ್ಟು ಹೊತ್ತಿಗೆ ಎಲ್ಲರೂ ಎದ್ದು ಬೆಟ್ಟದ ಕಡೆ ಹೊರಟಿದ್ದರು. ಆ ದಿನದ ಅತಿ ದೊಡ್ಡ ಮಾತು ನನ್ನೊಬ್ಬನಿಗೆ ಮಾತ್ರ ಕೇಳಿಸಿತು. ಆಮೇಲೆ ಟೀಚರಿಗೆ ಹೇಳಿದೆ, ಅವರು ನೊಂದುಕೊಂಡರು. ಆದರೆ ಅಕ್ಕ ತಾನೇ ಅವರ ಕಣ್ಣು ನೋಡಿ ಹೇಳಿದ್ದರೆ ಅದು ಬೇರೆಯೇ ಆಗುತ್ತಿತ್ತು.

ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಮೊಣಕಾಲು ನೋವು, ಕಳ್ಳೇಕಾಯಿ ಕೀಳೋದಿದೆ, ಹೀಗೆ ಒಂದೊಂದು ಸಲ ಒಂದೊಂದು ನೆವ. ನೋಡುವುದಕ್ಕೆ ಕಿವಿ ಬೇಡವಲ್ಲ ಎಂದುಕೊಂಡು, ಹೋದ ಚಳಿಗಾಲದಲ್ಲಿ ಸಿರಾ ಹತ್ತಿರದ ಕಗ್ಗಲಡುವಿನ ಕೊಕ್ಕರೆಗಳನ್ನು ತೋರಿಸಲು ಬಲವಂತ ಮಾಡಿ ಕರೆದೊಯ್ದೆ. ಊರ ನಡುವಿನ ಹುಣಸೆಮರಗಳ ತುಂಬ ಹಕ್ಕಿಗಳು ಗೂಡು ಕಟ್ಟಿದ್ದವು. ಅಕ್ಕ ಕತ್ತು ನೋಯುವವರೆಗೂ ನೋಡಿದಳು. ಹಕ್ಕಿ ಬಲ್ಲವರೊಬ್ಬರು ಮರದ ಕೆಳಗೆ ನಿಂತು ಏನೇನೋ ಹೇಳುತ್ತಿದ್ದರು. ನಾನು ಒಂದು ಮಾತನ್ನು ಅವಳ ಕಿವಿಗೆ ಕೂಗಿ ಮುಗಿಸುವಷ್ಟರಲ್ಲಿ ಅವರು ಮುಂದಿನ ಮರಕ್ಕೆ ಹೋಗಿರುತ್ತಿದ್ದರು. ಕೊನೆಗೆ ನನಗೂ ಏನೂ ದಕ್ಕಲಿಲ್ಲ, ಅವಳಿಗೂ ದಕ್ಕಲಿಲ್ಲ.

ವ್ಯಾನಿನಲ್ಲಿ ಚೆನ್ನಾಗಿತ್ತಾ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಕಣ್ ತುಂಬಾ ನೋಡ್ದೆ ಕಣ್ಲಾ," ಅಂದಳು. "ಕೆರೆ ಪಕ್ಕದ್ ಮರ ಬುಟ್ಟು ಮನೆ ಪಕ್ಕದ್ ಮರ್ದಾಗೆ ಯಾಕ್ ಕೂತವೆ ಅಂತ ಗೊತ್ತಾಗ್ಲೇ ಇಲ್ಲ."

ಸಿರಾ ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.